‘ಅಂತೆ’ ಎಲ್ಲಿ ಹೋಯಿತು?

ಮಧ್ಯಾಹ್ನದಿಂದ ಮನಸ್ಸು ಸರಿಯಿಲ್ಲ. ಕೋರ್ಟಿನಿಂದ ಬಂದವನು ಕೋಟು ಬಿಚ್ಚಿಟ್ಟು ಸೀದಾ ಇದನ್ನು ಬರೆಯೋಕೆ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ದಯವಿಟ್ಟು ಪೂರ್ತಿ ಓದಿ.

ನನ್ನ ಕೇಸ್ ಕೂಗುವುದನ್ನು ಕಾಯುತ್ತಾ ಸೆಷನ್ಸ್ ಕೋರ್ಟಿನಲ್ಲಿ ಕೂತಿದ್ದೆ. ಬೇರೆ ವಕೀಲರ ಕೊಲೆ ಕೇಸ್ ನಡೆಯುತ್ತಿತ್ತು. ಕಟಕಟೆಯಲ್ಲಿ ವಯಸ್ಸಾದ ಒಬ್ಬರು. ಚಾರ್ಜ್‌ಶೀಟಿನ ಪ್ರಕಾರ ಅವರು ಪ್ರತ್ಯಕ್ಷ ಸಾಕ್ಷಿ. ಸರ್ಕಾರಿ ವಕೀಲರು “ಏನು ನೋಡಿದ್ರಿ, ಹೇಳಿ” ಅಂದರು. ಅಜ್ಜ ಹೇಳಿದರು: “ಮಚ್ಚಲ್ಲಿ ಹೊಡೆದನಂತೆ ಸ್ವಾಮಿ. ಎದುರು ಮನೆ ಹೆಣ್ಮಗಳು ಹೇಳಿದ್ಲು. ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದೋಗಿತ್ತು.”

ಸರ್ಕಾರಿ ವಕೀಲರ ಮುಖ ಬಿಗಿಯಿತು. ಪೊಲೀಸರು ಬರೆದುಕೊಂಡಿದ್ದ ಹೇಳಿಕೆ ತೆಗೆದು ಓದಿದರು. “ಆರೋಪಿಯು ಮಚ್ಚಿನಿಂದ ಹೊಡೆದಿದ್ದನ್ನು ನಾನು ಪ್ರತ್ಯಕ್ಷವಾಗಿ ಕಂಡಿರುತ್ತೇನೆ.” ಅಜ್ಜ ಕಣ್ಣು ಕಣ್ಣು ಬಿಟ್ಟರು. “ನಾನು ಹಂಗೆ ಹೇಳಿಲ್ಲ ಸ್ವಾಮಿ. ಹೊಡೆದನಂತೆ ಅಂದಿದ್ದೆ.” ಅಲ್ಲಿಗೆ ಮುಗಿಯಿತು. ಸಾಕ್ಷಿ ಹೋಸ್ಟೈಲ್, ಅಂದರೆ ಕರೆತಂದ ಕಡೆಗೇ ತಿರುಗಿಬಿದ್ದ ಸಾಕ್ಷಿ. ಆರೋಪಿ ಜೊತೆ ರಾಜಿಯಾಗಿ ಸುಳ್ಳು ಹೇಳುತ್ತಿದ್ದೀರಿ ಅಂತ ಸರ್ಕಾರಿ ವಕೀಲರು ಅಂದರು, ಅಜ್ಜ ಇಲ್ಲ ಅಂದರು; ಅದು “ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ” ಅಂತ ದಾಖಲಾಯಿತು. ಅಜ್ಜ ಕೈ ಮುಗಿದು ಇಳಿದು ಬಂದರು. ಹೊರಗೆ ವರಾಂಡದಲ್ಲಿ ಸತ್ತವನ ಕಡೆಯ ಹುಡುಗರು ನಿಂತಿದ್ದರು. “ದುಡ್ಡು ತಿಂದು ಉಲ್ಟಾ ಹೊಡೆದ” ಅಂದರು. ಅಜ್ಜನಿಗೆ ಕೇಳಿಸುವ ಹಾಗೇ ಅಂದರು.

ನನಗೆ ಹೊಟ್ಟೆ ಉರಿದುಹೋಯಿತು. ಅಲ್ಲಿ ನಿಜ ಹೇಳಿದ ಒಬ್ಬನೇ ಮನುಷ್ಯ ಅವರು.

ನಮ್ಮ ಭಾಷೆಯಲ್ಲಿ ಎಂಥ ಚೆಂದದ ವ್ಯವಸ್ಥೆ ಇದೆ ನೋಡಿ. ‘ಮಳೆ ಬಂತು’ ಅಂದರೆ ನಾನು ಕಂಡೆ. ‘ಮಳೆ ಬಂತಂತೆ’ ಅಂದರೆ ಯಾರೋ ಹೇಳಿದರು. ಎರಡೇ ಅಕ್ಷರ. ಅಕ್ಷರ ಬಾರದವರೂ ಇದನ್ನು ತಪ್ಪಿಲ್ಲದೆ ಬಳಸುತ್ತಾರೆ. ತಾನು ಕಂಡಿದ್ದು ಎಷ್ಟು, ಕೇಳಿದ್ದು ಎಷ್ಟು ಅನ್ನುವ ಲೆಕ್ಕವನ್ನು ಕ್ರಿಯಾಪದದ ತುದಿಯಲ್ಲೇ ಒಪ್ಪಿಸಿಬಿಡುತ್ತಾರೆ. ಕ್ರಿಮಿನಲ್ ಕೋರ್ಟಿಗೆ ಬೇಕಾದ ಅತಿ ಮುಖ್ಯ ಮಾಹಿತಿ ಅದೇ. ನಾವು ಮೊದಲು ಕತ್ತರಿಸಿ ಎಸೆಯುವುದೂ ಅದನ್ನೇ.

ಕಾನೂನು ಏನು ಹೇಳುತ್ತೆ? 1872ರ ಸಾಕ್ಷ್ಯ ಕಾಯ್ದೆಯ 60ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 55ನೇ ಸೆಕ್ಷನ್. ನಂಬರ್ ಬದಲಾಗಿದೆ, ವಿಷಯ ಅದೇ. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ಕಣ್ಣಿಗೆ ಕಂಡ ವಿಷಯವಾದರೆ ಕಂಡವರೇ ಬಂದು ಹೇಳಬೇಕು. ಕಿವಿಗೆ ಬಿದ್ದಿದ್ದಾದರೆ ಕೇಳಿಸಿಕೊಂಡವರೇ ಬರಬೇಕು.

ಇಲ್ಲಿ ತುಂಬ ಜನಕ್ಕೆ ಒಂದು ಗೊಂದಲ ಇದೆ. ‘ಕೇಳಿದ್ದು ಸಾಕ್ಷಿ ಅಲ್ಲ’ ಅಂದುಕೊಂಡಿದ್ದಾರೆ. ಹಾಗಲ್ಲ. ಗೋಡೆಯ ಆಚೆಯಿಂದ “ಬಿಡೋ, ಸಾಯ್ತೀನಿ” ಅನ್ನುವ ಕೂಗು ನಾನೇ ಕೇಳಿದ್ದರೆ ಅದು ನೇರ ಸಾಕ್ಷ್ಯ. ಯಾರೋ ನನಗೆ ಬೆದರಿಕೆ ಹಾಕಿದರು, ಅದಕ್ಕೇ ಹೆದರಿ ಹೀಗೆ ಮಾಡಿದೆ ಅಂತ ನಾನು ಹೇಳಿದರೆ, ಆ ಬೆದರಿಕೆಯ ಮಾತೂ ಬರಬಹುದು. 1956ರಲ್ಲೇ ಮಲಯಾದಿಂದ ಬಂದ ಸುಬ್ರಮಣಿಯಂ ಕೇಸಿನಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷ್ ವಸಾಹತುಗಳ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಕೋರ್ಟು, ಇದನ್ನು ಬಿಡಿಸಿ ಹೇಳಿತು. ಆ ಮಾತು ಆಡಿದ್ದರು ಅಂತಷ್ಟೇ ತೋರಿಸೋಕೆ ಅದನ್ನು ಹೇಳಬಹುದು. ಆ ಮಾತೇ ನಿಜ ಅಂತ ಸಾಧಿಸೋಕೆ ಹೊರಟರೆ ಮಾತ್ರ ಅದು ಅಂತೆಕಂತೆ.

ಯಾಕೆ ಇಷ್ಟು ಕಟ್ಟುನಿಟ್ಟು? ಪಾಟೀ ಸವಾಲಿಗಾಗಿ, ಅಂದರೆ ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸೋಕೆ. ಎದುರು ಮನೆ ಹೆಣ್ಣುಮಗಳು ಬಂದು ನಿಂತರೆ ಕೇಳಬಹುದು. ಎಷ್ಟು ದೂರದಲ್ಲಿದ್ದಿರಿ? ಬೆಳಕಿತ್ತಾ? ಮುಖ ಕಂಡಿತಾ, ಬೆನ್ನು ಕಂಡಿತಾ? ಆರೋಪಿಗೂ ನಿಮಗೂ ಮೊದಲೇ ಮನಸ್ತಾಪ ಇತ್ತಾ? ಇದನ್ನೆಲ್ಲ ಅಜ್ಜನನ್ನು ಕೇಳಿದರೆ ಅವರು ಏನು ಹೇಳಬೇಕು? “ಗೊತ್ತಿಲ್ಲ ಸ್ವಾಮಿ, ಅವಳು ಹೇಳಿದ್ದಷ್ಟೇ.” ಅಜ್ಜ ಪ್ರಮಾಣ ಮಾಡಿದ್ದಾರೆ, ಆದರೆ ಕಂಡಿಲ್ಲ. ಕಂಡವಳು ಪ್ರಮಾಣ ಮಾಡಿಲ್ಲ. ಹೀಗಿರುವಾಗ ಒಬ್ಬ ಮನುಷ್ಯನನ್ನು ಜೀವಾವಧಿಗೆ ಕಳಿಸೋಕೆ ಆಗುತ್ತಾ? ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ.

1603ರಲ್ಲಿ ಇಂಗ್ಲೆಂಡಿನಲ್ಲಿ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಮುಖ್ಯ ಆಧಾರ ಕೋಬಮ್ ಎಂಬ ಶ್ರೀಮಂತನ ಹೇಳಿಕೆ. ಆ ಕೋಬಮ್ ಸೆರೆಯಲ್ಲೇ ಇದ್ದ. ಅವನನ್ನು ಕರೆಸಿ, ನನ್ನ ಮುಖ ನೋಡಿ ಹೇಳಲಿ ಅಂತ ರಾಲಿ ಬೇಡಿಕೊಂಡ. ಕರೆಸಲಿಲ್ಲ. ಅದರ ಬದಲು ಡೈಯರ್ ಅನ್ನುವ ಒಬ್ಬ ಹಡಗಿನವನನ್ನು ತಂದು ನಿಲ್ಲಿಸಿದರು. ರಾಲಿ ಮತ್ತು ಕೋಬಮ್ ಸೇರಿ ರಾಜನ ಕತ್ತು ಕೊಯ್ಯುತ್ತಾರಂತೆ, ಹಾಗಂತ ಲಿಸ್ಬನ್‌ನಲ್ಲಿ ಯಾರೋ ಪೋರ್ಚುಗೀಸಿನವನು ಹೇಳಿದ ಅನ್ನೋದು ಅವನ ಸಾಕ್ಷಿ. ರಾಲಿಗೆ ಮರಣದಂಡನೆ ಆಯಿತು. 1618ರಲ್ಲಿ ತಲೆ ಹೋಯಿತು. ಅಮೆರಿಕದ ಸುಪ್ರೀಂ ಕೋರ್ಟ್ 2004ರ ಕ್ರಾಫರ್ಡ್ ತೀರ್ಪಿನಲ್ಲಿ ಇದೇ ವಿಚಾರಣೆಯನ್ನು ನೆನೆಸಿಕೊಂಡು, ಸಾಕ್ಷಿಯನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಆರೋಪಿಯ ಹಕ್ಕನ್ನು ಗಟ್ಟಿ ಮಾಡಿತು. ನಾನೂರು ವರ್ಷ ಕಳೆದರೂ ಆ ಅನ್ಯಾಯ ಕೋರ್ಟುಗಳಿಗೆ ಮರೆತಿಲ್ಲ.

ಈಗ ಕೆಲವರು ಕೇಳುತ್ತೀರಿ, ಗೊತ್ತು. ಸತ್ತವರು ಬಂದು ಹೇಳೋಕಾಗುತ್ತಾ? ಹೀಗೆ ನಿಯಮ ಹಿಡಿದು ಕೂತರೆ ಕೊಲೆಗಾರರು ಕೈಬೀಸಿಕೊಂಡು ಹೋಗಲ್ವಾ? ಪ್ರಾಮಾಣಿಕ ಪ್ರಶ್ನೆ. ಆದರೆ ಕಾನೂನು ಇದನ್ನು ಮರೆತಿದೆ ಅಂದುಕೊಳ್ಳಬೇಡಿ. ಸತ್ತವರ ಮಾತಿಗೆ ಬೇರೆ ಬಾಗಿಲೇ ಇದೆ. ಹಳೆಯ 32ನೇ ಸೆಕ್ಷನ್, ಈಗ 26. ಇಂಗ್ಲೆಂಡಿನ ಹಳೆಯ ನಿಯಮದಲ್ಲಿ, ತಾನು ಸಾಯುವುದು ಖಚಿತ ಅಂತ ಗೊತ್ತಿದ್ದು ಆಡಿದ ಮಾತಷ್ಟೇ ಮರಣಪೂರ್ವ ಹೇಳಿಕೆ. ನಮ್ಮಲ್ಲಿ ಆ ಷರತ್ತೂ ಇಲ್ಲ.

1937ರ ಮಾರ್ಚ್‌ನಲ್ಲಿ ಪುರಿ ರೈಲು ನಿಲ್ದಾಣದಲ್ಲಿ, ಮೂರನೇ ದರ್ಜೆಯ ಬೋಗಿಯಲ್ಲಿ, ಒಂದು ಟ್ರಂಕ್ ಸಿಕ್ಕಿತು. ಒಳಗೆ ಏಳು ತುಂಡಾಗಿದ್ದ ಶವ. ಆ ಮನುಷ್ಯ ಮನೆ ಬಿಡುವ ಮುಂಚೆ ಹೆಂಡತಿಗೆ ಒಂದು ಮಾತು ಹೇಳಿದ್ದ. ತನಗೆ ಬರಬೇಕಾದ ಹಣ ಇಸಕೊಳ್ಳೋಕೆ ಬೆರ್ಹಾಂಪುರಕ್ಕೆ ಹೋಗುತ್ತಿದ್ದೇನೆ, ಆರೋಪಿಯ ಹೆಂಡತಿ ಕಾಗದ ಬರೆದು ಕರೆದಿದ್ದಾಳೆ ಅಂತ. ಹೇಳುವಾಗ ಅವನಿಗೆ ಸಾವಿನ ಸುಳಿವೂ ಇರಲಿಲ್ಲ. ಆದರೂ 1939ರಲ್ಲಿ ಪಾಕಲ ನಾರಾಯಣ ಸ್ವಾಮಿ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ ಆ ಮಾತನ್ನು ಒಪ್ಪಿತು. ಹೆಂಡತಿಯ ಬಾಯಲ್ಲಿ ಬಂದ ಸತ್ತವನ ಮಾತು ಅದು. ಪಾಟೀ ಸವಾಲಿಗೆ ಸತ್ತವನನ್ನು ಕರೆಯೋಕೆ ಆಗಲ್ಲ ಅಂತ ಕಾನೂನಿಗೂ ಗೊತ್ತು.

ಬದುಕಿದ್ದವರಿಗೆ ಮಾತ್ರ ಆ ಬಾಗಿಲು ಇಲ್ಲ. 1993ರಲ್ಲಿ ಆಂಧ್ರದಲ್ಲಿ ಒಂದು ಬಸ್ಸಿಗೆ ಬೆಂಕಿ ಹಚ್ಚಿ 23 ಜನರನ್ನು ಕೊಂದರು. ಸುಟ್ಟ ಗಾಯದಲ್ಲಿದ್ದವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಬರೆದುಕೊಂಡರು. ಕೆಲವರು ಬದುಕುಳಿದರು. ಬದುಕಿದ ಮೇಲೆ ಆ ಹೇಳಿಕೆ ಮರಣಪೂರ್ವ ಹೇಳಿಕೆ ಆಗಲ್ಲ, ಅವರೇ ಬಂದು ಕಟಕಟೆಯಲ್ಲಿ ಹೇಳಬೇಕು ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲಿನ ಹೇಳಿಕೆ ಅವರ ಮಾತಿಗೆ ಒತ್ತಾಸೆ ಆಗಬಹುದು, ಅಷ್ಟೇ. ಕಠಿಣ ಅನಿಸುತ್ತೆ. ನನಗೆ ಸರಿ ಅನಿಸುತ್ತೆ.

ಸಾಕ್ಷಿಗಳು ಹೆದರುತ್ತಾರೆ ಅನ್ನೋದೂ ನಿಜ. ಇಂಗ್ಲೆಂಡಿನಲ್ಲಿ 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ, ಹೆದರಿ ಬಾರದ ಸಾಕ್ಷಿಯ ಹೇಳಿಕೆಯನ್ನು ಕೋರ್ಟ್ ಅನುಮತಿ ಕೊಟ್ಟರೆ ಓದಬಹುದು. ನಮಗೆ ಆ ದಾರಿ ಬೇಡ ಅಂತಲೇ ನಾನು ಹೇಳೋದು. ಹೆದರಿದವರಿಗೆ ರಕ್ಷಣೆ ಕೊಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ ಜಾರಿ ಮಾಡಿ ಅಂದಿದೆ. ಅದನ್ನು ಸರಿಯಾಗಿ ಮಾಡಿ, ಕಂಡವರನ್ನೇ ಧೈರ್ಯವಾಗಿ ಕರೆತನ್ನಿ. ಅವರ ಬದಲು ಅವರ ಮಾತು ಕೇಳಿದವರನ್ನು ನಿಲ್ಲಿಸಬೇಡಿ.

ಮತ್ತೆ ಅಜ್ಜನ ವಿಷಯಕ್ಕೇ ಬರುತ್ತೇನೆ. ಪೊಲೀಸರು ತನಿಖೆಯಲ್ಲಿ ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವ ಹಾಗಿಲ್ಲ. ಸಾಕ್ಷಿ ಈಗ ಹೇಳೋದು ಅದಕ್ಕೆ ವಿರುದ್ಧ ಅಂತ ತೋರಿಸೋಕೆ ಬಳಸಬಹುದೇ ಹೊರತು, ಅದನ್ನೇ ಸಾಕ್ಷ್ಯವಾಗಿ ಬಳಸುವ ಹಾಗೂ ಇಲ್ಲ. ಒತ್ತಡ ಹಾಕಿ ಬರೆಸಿಕೊಳ್ಳಬಾರದು ಅಂತ ಮಾಡಿದ ಒಳ್ಳೆಯ ನಿಯಮ ಅದು. ಆದರೆ ಅದರಿಂದ ಒಂದು ತೊಂದರೆಯೂ ಇದೆ. ತನ್ನ ಹೆಸರಲ್ಲಿ ಏನು ಬರೆದಿದ್ದಾರೆ ಅಂತ ಆ ಮನುಷ್ಯನಿಗೆ ಎಷ್ಟೋ ಸಲ ಕಟಕಟೆಯಲ್ಲೇ ಮೊದಲು ಗೊತ್ತಾಗೋದು. ಆಡಿಯೋ, ವಿಡಿಯೋದಲ್ಲಿ ದಾಖಲಿಸಬಹುದು ಅಂತ ಕಾನೂನಿನಲ್ಲೇ ಇದೆ. ಮಾಡಿದ್ದರೆ ಅಜ್ಜನ ‘ಅಂತೆ’ ಉಳಿಯುತ್ತಿತ್ತು.

ಪೊಲೀಸರನ್ನು ಮಾತ್ರ ಬೈಯಲ್ಲ. ಕೋರ್ಟಿನೊಳಗೂ ಇದು ನಡೆಯುತ್ತೆ. ಸಾಕ್ಷಿ ಹೇಳಿದ್ದನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯಲ್ಲ, ಕಥನದ ರೂಪದಲ್ಲಿ ಬರೆಯುತ್ತಾರೆ. ಸಾಕ್ಷಿಯ ಮಾತು ಬೆರಳಚ್ಚಿಗೆ ಇಳಿಯುವಾಗ ‘ಹೋದನಂತೆ’ ಅನ್ನೋದು ‘ಹೋದನು’ ಆಗಿಬಿಡುತ್ತೆ. ಬರೆದಿದ್ದನ್ನು ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು ಅಂತ ಕಾನೂನು ಸ್ಪಷ್ಟವಾಗಿ ಹೇಳುತ್ತೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 313ನೇ ಸೆಕ್ಷನ್. ಕೇಸುಗಳ ರಾಶಿಯ ನಡುವೆ ಎಷ್ಟು ಕಡೆ ನಿಧಾನವಾಗಿ ಓದಿ ಹೇಳುತ್ತಾರೆ? ನನ್ನ ವಕೀಲ ಗೆಳೆಯರೇ, ನೀವೇ ಹೇಳಿ.

ನಾನೂ ಒಂದು ತಪ್ಪು ಮಾಡಿದ್ದೇನೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಜೂನಿಯರ್ ಆಗಿದ್ದಾಗ ಒಂದು ಕೇಸಿನಲ್ಲಿ ನಾವು ಆರೋಪಿಯ ಪರ. ಪಾಟೀ ಸವಾಲಿನಲ್ಲಿ ಸಾಕ್ಷಿ “ಅವತ್ತು ಅವನು ಊರಲ್ಲಿ ಇರಲಿಲ್ಲವಂತೆ” ಅಂದ. ದಾಖಲೆಯಲ್ಲಿ “ಊರಲ್ಲಿ ಇರಲಿಲ್ಲ ಎಂದರೆ ಸರಿ” ಅಂತ ಬಂತು. ನನ್ನ ಕಿವಿಗೆ ಆ ‘ಅಂತೆ’ ಸ್ಪಷ್ಟವಾಗಿ ಬಿದ್ದಿತ್ತು. ನಮಗೆ ಅನುಕೂಲ ಅಂತ ಸುಮ್ಮನೆ ಕೂತೆ. ಕೊನೆಯ ವಾದದಲ್ಲಿ ಆ ಸಾಲನ್ನು ನಾನೇ ಗಟ್ಟಿಯಾಗಿ ಓದಿದೆ. ಖುಲಾಸೆ ಆಯಿತು. ಆ ಒಂದು ಸಾಲಿನಿಂದಲೇ ಆಯಿತು ಅಂತಲ್ಲ, ಬೇರೆ ಕಾರಣಗಳೂ ಇದ್ದವು. ಆದರೆ ದೂರು ಕೊಟ್ಟಿದ್ದ ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದ ರೀತಿ ಇವತ್ತಿಗೂ ಕಣ್ಣ ಮುಂದಿದೆ. ಇವತ್ತು ಅಜ್ಜ ಕೈ ಮುಗಿದು ಇಳಿದು ಬಂದಾಗ ನನಗೆ ನೆನಪಾಗಿದ್ದು ಅವರೇ.

ವರಾಂಡದಲ್ಲಿ ನಿಂತಿದ್ದ ಹುಡುಗರು ಒಳಗೆ ನಡೆದ ಇನ್ನೊಂದು ಮಾತನ್ನು ಗಮನಿಸಲೇ ಇಲ್ಲ. ಅಜ್ಜ ಇಳಿಯುವ ಮುಂಚೆ ನ್ಯಾಯಾಧೀಶರು ತಲೆ ಎತ್ತಿ ಕೇಳಿದರು: “ಆ ಎದುರು ಮನೆ ಹೆಣ್ಣುಮಗಳು ಸಾಕ್ಷಿ ಪಟ್ಟಿಯಲ್ಲಿ ಇದ್ದಾರಾ?” ಸರ್ಕಾರಿ ವಕೀಲರು ಹಾಳೆ ತಿರುಗಿಸಿದರು. ಮತ್ತೆ ತಿರುಗಿಸಿದರು. ಇರಲಿಲ್ಲ. ಅವಳ ಹೇಳಿಕೆಯನ್ನೇ ಯಾರೂ ತಗೊಂಡಿಲ್ಲ. ಕಾಗದದ ಮೇಲೆ ಆಗಲೇ ಒಬ್ಬ ಪ್ರತ್ಯಕ್ಷ ಸಾಕ್ಷಿ ಸಿದ್ಧ ಇರುವಾಗ ನಿಜವಾಗಿ ಕಂಡವಳು ಯಾರಿಗೆ ಬೇಕು? ಅಜ್ಜನ ಬಾಯಿಂದ ಆ ಎರಡು ಅಕ್ಷರ ಕಿತ್ತುಕೊಂಡಿದ್ದಕ್ಕೆ ಸತ್ತವನ ಕಡೆಯವರಿಗೇ ಅನ್ಯಾಯ ಆಗಿದೆ. ಆ ಹುಡುಗರಿಗೆ ಇದನ್ನು ಕೂರಿಸಿಕೊಂಡು ಹೇಳಬೇಕಿತ್ತು. ಅಷ್ಟರಲ್ಲಿ ನನ್ನ ಕೇಸ್ ಕೂಗಿದರು.

ಅದೇ ಹೊಸ ಸಂಹಿತೆಯ 348ನೇ ಸೆಕ್ಷನ್ ಪ್ರಕಾರ ಆ ಎದುರು ಮನೆ ಹೆಣ್ಣುಮಗಳನ್ನು ಕರೆಸೋಕೆ ಅರ್ಜಿ ಹಾಕುತ್ತೇವೆ ಅಂತ ಸರ್ಕಾರಿ ವಕೀಲರು ಹೇಳಿದ್ದಾರೆ. ಮುಂದಿನ ತಿಂಗಳು ದಿನಾಂಕ ಇದೆ. ನನಗೂ ಆ ಕೇಸಿಗೂ ಸಂಬಂಧ ಇಲ್ಲ. ಆದರೂ ಅವತ್ತು ಆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತೇನೆ.