ಬ್ಯಾಂಕಾಕ್ ಅಂದ್ರೆ ಕಣ್ಣು ಹೊಡೆಯುವವರಿಗೆ

ಬಳ್ಳಾರಿಯಲ್ಲಿ ಗಂಡಸೊಬ್ಬ ಬ್ಯಾಂಕಾಕ್‌ಗೆ ಹೊರಟಿದ್ದೇನೆ ಅಂದ್ರೆ ಮುಗೀತು, ಎದುರಿಗಿದ್ದವರು ಕಣ್ಣು ಹೊಡೆಯುತ್ತಾರೆ. ಕೌಲ್ ಬಜಾರಿನ ಟೀ ಅಂಗಡಿಯಲ್ಲಿ ಹೊಡೆದರು. ನನ್ನ ವರ್ಕ್‌ಶಾಪಿನ ಟೈಲರ್‌ಗಳು ಹೊಡೆದರು. ಕೊನೆಗೆ ಶುಗರ್ ಮಾತ್ರೆ ಕೊಡುವ ಮೆಡಿಕಲ್ ಶಾಪಿನವನೂ ಹೊಡೆದ. ನಾನು ಹೊರಟಿದ್ದು ಪ್ರತುನಾಮ್‌ಗೆ. ಅಲ್ಲಿ ಬಟ್ಟೆಯ ದೊಡ್ಡ ಹೋಲ್‌ಸೇಲ್ ಮಾರ್ಕೆಟ್ ಇದೆ. ಜೀನ್ಸ್ ಹೊಲಿಸುವವನು ನಾನು. ಹೊಸ ವಾಶ್, ಹೊಸ ಕಟಿಂಗ್ ಏನು ಬಂದಿದೆ ನೋಡಿ ಬರೋಣ ಅಂತ ಹೋದೆ. ಯಾರು ನಂಬುತ್ತಾರೆ?

ಕಣ್ಣು ಹೊಡೆಯಲಿ, ಬೇಜಾರಿಲ್ಲ. ಆದರೆ ಹಾಗೆ ಹೊಡೆದವರಲ್ಲಿ ನಾಲ್ಕೈದು ಜನ ಅಲ್ಲಿಗೆ ಹೋಗಿ ಬಂದವರು. ಒಬ್ಬರಾದರೂ ಒಂದು ಉಪಯೋಗದ ಮಾತು ಹೇಳಿದ್ರಾ? ನಮ್ಮ ಭಾವ ಎರಡು ಸಲ ಹೋಗಿದ್ದಾರೆ. "ಏನ್ ಚಿಂತಿ ಮಾಡಬ್ಯಾಡಪ, ಬ್ಯಾಂಕಾಕ್ ಅಂದ್ರ ಬೆಂಗಳೂರು ಇದ್ದಂಗ. ಇಳಿಯೋದು, ಟ್ಯಾಕ್ಸಿ ಹತ್ತೋದು, ಹೋಗೋದು." ಅಷ್ಟೇ. ಆಮೇಲೆ ಅವರೂ ಕಣ್ಣು ಹೊಡೆದರು. ನಮ್ಮಕ್ಕ ಪಕ್ಕದಲ್ಲೇ ಇದ್ದಳು, ಪುಣ್ಯಾತ್ಮರಿಗೆ ಅದೂ ಗೊತ್ತಾಗಲಿಲ್ಲ.

ಮೊದಲ ಏಟು ಊರಲ್ಲೇ ಬಿತ್ತು. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಆನ್‌ಲೈನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅವರ ಸರ್ಕಾರದ ವೆಬ್‌ಸೈಟಲ್ಲಿ ಪುಕ್ಕಟೆ. ನನಗೆ ಗೊತ್ತಿರಲಿಲ್ಲ. ಒಬ್ಬ ಏಜೆಂಟ್ 800 ರೂಪಾಯಿ ತಗೊಂಡು ಐದು ನಿಮಿಷದಲ್ಲಿ ತುಂಬಿಕೊಟ್ಟ. ಭಾವನಿಗೆ ಹೇಳಿದರೆ "ನಮ್ ಟೈಮಿಗೆ ಅದು ಇರಲಿಲ್ಲ ಬಿಡು" ಅಂದರು.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ, ವಿಮಾನದಲ್ಲಿ ಇನ್ನೊಂದು ರಾತ್ರಿ. ಎರಡು ದಿನದ ನಿದ್ದೆ ಇಲ್ಲದ ಮುಖ ಹೊತ್ತುಕೊಂಡು ಬೆಳಿಗ್ಗೆ ಆರಕ್ಕೆ ಇಳಿದೆ. ಅಲ್ಲಿನ ಆರು, ನಮ್ಮ ನಾಲ್ಕೂವರೆ. ಏರ್‌ಪೋರ್ಟಿನ ಹೆಸರು ಸುವರ್ಣಭೂಮಿ. ಬೋರ್ಡ್ ನೋಡಿ ಎಷ್ಟು ಖುಷಿಯಾಯ್ತು ಅಂತೀರಿ! ಎಲ್ಲಾ ನಮ್ಮ ಹೆಸರೇ ಅಲ್ವಾ, ಹೆದರೋದೇನು ಅಂದುಕೊಂಡೆ. ಆ ಖುಷಿ ಅರ್ಧ ಗಂಟೆ ಇರಲಿಲ್ಲ. ಅವರು ಅದನ್ನು ಓದುವುದು "ಸುವನ್ನಫೂಮ್" ಅಂತ. ನನ್ನ ಹೋಟೆಲ್ ಇದ್ದ ಏರಿಯಾ ರಾಚಥೇವಿ. ಅದು ನಮ್ಮ ರಾಜದೇವಿಯೇ. ನಾನು "ರಾಜದೇವಿ, ರಾಜದೇವಿ" ಅಂತ ನಾಲ್ಕು ಜನಕ್ಕೆ ಹೇಳಿದೆ. ನಾಲ್ವರೂ ಕೈಮುಗಿದು ನಕ್ಕು ಮುಂದೆ ಹೋದರು. ಬರೆದು ತೋರಿಸೋಣ ಅಂದ್ರೆ ಅವರ ಲಿಪಿ ನನಗೆ ಬರೋದಿಲ್ಲ. ಮಾತಿಗೂ ಮಾತಿಗೂ ನಡುವೆ ಜಾಗವೇ ಬಿಡದೆ ಒಂದೇ ಸಮ ಬರೆಯುತ್ತಾರೆ, ಓವರ್‌ಲಾಕ್ ಹೊಲಿಗೆ ಹಾಕಿದ ಹಾಗೆ.

ಫೋನ್ ತೆಗೆದೆ. ರೋಮಿಂಗ್ ಪ್ಯಾಕ್ ಹಾಕಿಸಿದ್ದೆ. ಚಕ್ರ ತಿರುಗುತ್ತಲೇ ಇತ್ತು. ಆಗಲೇ ಬಂದ ಒಬ್ಬ ಪುಣ್ಯಾತ್ಮ. ನೀಟಾಗಿ ಇನ್‌ಶರ್ಟ್ ಮಾಡಿದ್ದ, ಕೊರಳಲ್ಲಿ ಐಡಿ ಕಾರ್ಡ್ ಬೇರೆ. "ಇಂಡಿಯಾ? ನಮಸ್ತೆ! ಟ್ಯಾಕ್ಸಿ?" ಭಾವ ಹೇಳಿದ್ದು ಇದೇ ತಾನೇ, ಇಳಿಯೋದು, ಹತ್ತೋದು! ಬ್ಯಾಗ್ ಅವನೇ ಎಳೆದುಕೊಂಡು ಹೋದ, ನಾನು ಕುರಿ ಹಾಗೆ ಹಿಂದೆ ಹೋದೆ.

ಟ್ಯಾಕ್ಸಿಯ ಕನ್ನಡಿಗೆ ಮಲ್ಲಿಗೆ ಹಾರ, ಮುಂದೆ ಪುಟ್ಟ ಬುದ್ಧ. ಮೀಟರ್ ಮೇಲೆ ಒಂದು ಹಳದಿ ಟವೆಲ್, ಮಗುವಿಗೆ ಹೊದಿಸಿದಷ್ಟು ಪ್ರೀತಿಯಿಂದ ಮಡಚಿ ಹೊದಿಸಿದ್ದ. "ಮೀಟರ್?" ಅಂದೆ. ಡ್ರೈವರ್ ಫೋನಿನ ಕ್ಯಾಲ್ಕುಲೇಟರಲ್ಲಿ 1000 ಅಂತ ಒತ್ತಿ ತೋರಿಸಿದ. ಸಾವಿರ ಬಾತ್. ಅವತ್ತಿನ ರೇಟಲ್ಲಿ ನಮ್ಮ ಎರಡೂವರೆ ಸಾವಿರಕ್ಕೂ ಜಾಸ್ತಿ. ಟೋಲ್ ಬೇರೆ. ಜಿಪ್ಪಿನ ಅಂಗಡಿಯಲ್ಲಿ ಡಜನ್‌ಗೆ ಎರಡು ರೂಪಾಯಿ ಬಿಡಿಸೋಕೆ ಅರ್ಧ ಗಂಟೆ ಕೂರುವ ಮನುಷ್ಯ ನಾನು. ಅವತ್ತು ತುಟಿ ಬಿಚ್ಚಲಿಲ್ಲ. ಗಾಡಿ ಆಗಲೇ ಹೊರಟಿತ್ತು. ಹೊರಗೆ ಯಾವ ಅಕ್ಷರವೂ ಗೊತ್ತಿಲ್ಲ. ಎಲ್ಲಿ ಅಂತ ಇಳಿಯೋದು?

ನಮ್ಮ ಹೊಸಪೇಟೆ ಬಸ್‌ಸ್ಟ್ಯಾಂಡ್ ನೆನಪಾಯ್ತು. ಹಂಪಿಗೆ ಅಂತ ಬಂದ ಬಿಳಿಯರು ಬೆನ್ನಿಗೆ ಮೂಟೆ ಕಟ್ಟಿಕೊಂಡು ನಿಂತಿರುತ್ತಾರೆ, ಆಟೋದವರು ಸುತ್ತ ಮುತ್ತಿರುತ್ತಾರೆ. ಎಷ್ಟೋ ಸಲ ಟೀ ಕುಡಿಯುತ್ತಾ ನೋಡಿ ನಕ್ಕಿದ್ದೇನೆ.

ಹೋಟೆಲಿಗೆ ಹೋದರೆ ರೂಮು ಮಧ್ಯಾಹ್ನ ಎರಡಕ್ಕಂತೆ. ಕೌಂಟರಿನ ಹುಡುಗಿ ಮ್ಯಾಪ್ ಹಾಸಿ ಸಮಾಧಾನವಾಗಿ ವಿವರಿಸಿದಳು. ಏರ್‌ಪೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲೇ ರೈಲಿದೆ. ಕೊನೆಯ ಸ್ಟೇಷನ್ ಫಯಾ ಥಾಯ್‌ವರೆಗೂ ಹೋದರೆ 45 ಬಾತ್, ಅರ್ಧ ಗಂಟೆ. ಪ್ರತುನಾಮ್‌ಗೆ ಅದಕ್ಕಿಂತ ಒಂದು ಸ್ಟೇಷನ್ ಮುಂಚೆ, ರಾಚಪ್ರಾರೋಪ್‌ನಲ್ಲಿ ಇಳಿದರಾಯ್ತು. ನಲವತ್ತೈದು! ನಾನು ಹೊರಗೆ ಬಂದದ್ದು ಎರಡನೇ ಅಂತಸ್ತಿಗೆ. ರೈಲು ನನ್ನ ಕಾಲ ಕೆಳಗೇ ಇತ್ತು. ರೈಲು ಬೇಡ, ಟ್ಯಾಕ್ಸಿಯೇ ಬೇಕು ಅಂದರೂ ಒಂದು ಅಂತಸ್ತು ಕೆಳಗಿಳಿದರೆ ಸರದಿ ಇದೆ, ಮಿಷನ್‌ನಿಂದ ಚೀಟಿ ಬರುತ್ತದೆ. ಮೀಟರ್ 35 ಬಾತ್‌ನಿಂದ ಶುರು, ಏರ್‌ಪೋರ್ಟಿನದು 50 ಮೇಲೆ, ಟೋಲ್ ನಮ್ಮದು. ಎಲ್ಲಾ ಸೇರಿ 400ರ ಆಸುಪಾಸು ಅಂದಳು. ದುಡ್ಡು ಬದಲಾಯಿಸುವ ಒಳ್ಳೆ ರೇಟಿನ ಅಂಗಡಿಗಳೂ ರೈಲಿನ ಹತ್ತಿರವೇ ಇವೆಯಂತೆ. ನಾನು ಮೇಲೆಯೇ, ಕಣ್ಣಿಗೆ ಬಿದ್ದ ಮೊದಲ ಕೌಂಟರಲ್ಲಿ ಬದಲಾಯಿಸಿದ್ದೆ.

ಆ ಡ್ರೈವರ್ ಮೇಲೆ ಸಿಟ್ಟು ಬರಲಿಲ್ಲ ಅಂತಲ್ಲ. ಆದರೆ ಅವನು ಯಾರೋ. ಎರಡು ಸಲ ಹೋಗಿ ಬಂದ ಭಾವ ನಮ್ಮವರು. ಸೋಫಾ ಮೇಲೆ ಕೂತು ಲಾಬಿಯಿಂದಲೇ ಫೋನ್ ಮಾಡಿದೆ, ವೈಫೈ ಇತ್ತು. "ಭಾವ, ಕೆಳಗೆ ಟ್ರೇನ್ ಇತ್ತಂತಲ್ರಿ?" "ಹೌದೇನು? ನಮ್ಮನ್ನ ಟೂರಿನವರು ಬಸ್ಸಿನ್ಯಾಗ ಕರ್ಕೊಂಡು ಹೋಗಿದ್ರಪ" ಅಂದರು. ಟ್ಯಾಕ್ಸಿಯನ್ನೇ ಹತ್ತದ ಮನುಷ್ಯ ನನಗೆ ಟ್ಯಾಕ್ಸಿ ಹತ್ತೋದು ಅಂತ ಹೇಳಿ ಕಳಿಸಿದ್ದರು!

ಊರು ಕೆಟ್ಟದ್ದಲ್ಲ, ಸುಳ್ಳು ಹೇಳಬಾರದು. ಪ್ರತುನಾಮ್‌ನಲ್ಲಿ ಮೂರು ಪೀಸ್ ತಗೊಂಡರೆ ಹೋಲ್‌ಸೇಲ್ ರೇಟು ಕೊಡುತ್ತಾರೆ, ಜಗಳವಿಲ್ಲ. ಬಿಸಿಲಿಗೆ ನಾನು ಹೆದರುವವನಲ್ಲ, ಬಳ್ಳಾರಿಯವನು. ಆದರೆ ನಮ್ಮದು ಒಣ ಬಿಸಿಲು, ಅಲ್ಲಿನದು ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಊಟದ್ದು ಇನ್ನೊಂದು ಕತೆ. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ "ಜೇ" ಅಂತ ಬರೆದಿದ್ದರೆ ಮಾಂಸ, ಮೀನು ಇಲ್ಲ ಅಂತ ಅರ್ಥ. ಇದೂ ಯಾರೂ ಹೇಳಲಿಲ್ಲ, ಎರಡು ದಿನ ಬಾಳೆಹಣ್ಣು ತಿಂದ ಮೇಲೆ ಗೊತ್ತಾಯ್ತು. ಕನಸಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ.

ವಾಪಸ್ ಬಂದ ಮರುದಿನ ಅದೇ ಟೀ ಅಂಗಡಿ, ಮೂವರು ಕೂತಿದ್ದರು. ಮುಂದೆ ಹೋಗುವವರಿಗಾದರೂ ಅನುಕೂಲ ಆಗಲಿ ಅಂತ ಶುರು ಮಾಡಿದೆ. "ನೋಡ್ರಿ, ಇಳಿದ ಕೂಡ್ಲೇ ನೆಲಮಾಳಿಗಿಗೆ ಹೋಗ್ರಿ, ಅಲ್ಲಿ ರೈಲು..." ಮುಗಿಸಲು ಬಿಡಲಿಲ್ಲ. "ಅದಿರ್ಲಿರೀ, ರಾತ್ರಿ ಕತಿ ಹೇಳ್ರಿ."

ರಾತ್ರಿ ಕತೆ ಏನು? ಮಾರ್ಕೆಟ್ ತಿರುಗಿ ತಿರುಗಿ ಕಾಲು ಬಾತುಕೊಂಡಿತ್ತು. ತಣ್ಣೀರು ಸುರಿದುಕೊಂಡು ಒಂಬತ್ತಕ್ಕೇ ಮಲಗಿದೆ. ಹಾಗೇ ಹೇಳಿದೆ.

ಮೂವರೂ ಒಟ್ಟಿಗೆ ಕಣ್ಣು ಹೊಡೆದರು.