ಆ ಕವರ್ ಒಡೆದು ನೋಡಿ

2024ರ ಮಾರ್ಚ್‌ನಲ್ಲಿ ಒಂದು ಬೆಳಗ್ಗೆ ತುಮಕೂರಿನ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಪೇಪರಿನ ಫೋಟೋ ಕಳಿಸಿದ. "ಇದು ನಿಮ್ಮ ಚಿಕ್ಕಪ್ಪನ ಮನೆ ಅಲ್ವೇನೋ?" ಅಂತ ಕೇಳಿದ್ದ.

ಹರಾಜು ಪ್ರಕಟಣೆ. ಸಾಲಗಾರರ ಹೆಸರು, ಬಾಕಿ ಮೊತ್ತ, ಮೀಸಲು ಬೆಲೆ. ಕೆಳಗೆ ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಮನೆ, ಉತ್ತರಕ್ಕೆ ಖಾಲಿ ನಿವೇಶನ. ಆ ಖಾಲಿ ನಿವೇಶನದ ಅಂಚಿನಲ್ಲೇ ಚಿಕ್ಕಮ್ಮ ಕನಕಾಂಬರ ಹಾಕಿದ್ದರು. ಪ್ರತಿ ಹಬ್ಬಕ್ಕೂ ನಮ್ಮ ಮನೆಗೆ ಅಲ್ಲಿಂದಲೇ ಹೂವು ಬರುತ್ತಿತ್ತು. ಅದನ್ನು ಪೇಪರಿನಲ್ಲಿ ಓದಿದಾಗ ಕೈ ನಡುಗಿತು.

ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಸ್ವಂತ ಅಣ್ಣ, ನಮ್ಮಪ್ಪನಿಗೂ ಗೊತ್ತಿರಲಿಲ್ಲ.

ಚಿಕ್ಕಪ್ಪನ ಹತ್ತಿರ ಎರಡು ಟಿಟಿ ಗಾಡಿ ಇತ್ತು. ಮದುವೆ ದಿಬ್ಬಣ, ಧರ್ಮಸ್ಥಳ, ಶಾಲೆ ಮಕ್ಕಳ ಪ್ರವಾಸ. 2018ರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ 22 ಲಕ್ಷ ಸಾಲ ಮಾಡಿ 30-40 ಸೈಟಿನಲ್ಲಿ ಮನೆ ಕಟ್ಟಿಸಿದರು. ಎರಡು ವರ್ಷ ಒಂದು ಕಂತೂ ತಪ್ಪಲಿಲ್ಲ. ಆಮೇಲೆ ಲಾಕ್‌ಡೌನ್ ಬಂತು, ಗಾಡಿ ನಿಂತವು.

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟದೆ ಇರಬಹುದು ಅಂತ ಆರ್‌ಬಿಐ ಅವಕಾಶ ಕೊಟ್ಟಿತಲ್ಲ, ಚಿಕ್ಕಪ್ಪ ಅದನ್ನು ಮನ್ನಾ ಅಂದುಕೊಂಡರು. ಅವರೊಬ್ಬರೇ ಅಲ್ಲ, ಆಗ ಎಷ್ಟೋ ಜನ ಹಾಗೇ ಅಂದುಕೊಂಡಿದ್ದರು. ಆದರೆ ಬಡ್ಡಿ ನಿಂತಿರಲಿಲ್ಲ. ಆರು ತಿಂಗಳ ಬಡ್ಡಿ, ಹತ್ತಿರ ಹತ್ತಿರ ಒಂದು ಲಕ್ಷ, ಅಸಲಿಗೆ ಸೇರಿಕೊಂಡಿತು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ. 4ರಿಂದ 6.5ಕ್ಕೆ ಏರಿತು. ಅವರ ಸಾಲದ ಬಡ್ಡಿಯೂ ಏರಿತು. ಕಂತು ಮಾತ್ರ ಅಷ್ಟೇ ಇತ್ತು, ಸುಮ್ನೆ ಅವಧಿ ಹಿಗ್ಗಿಸಿದ್ದರು. ಹಾಗಾಗಿ ಕಟ್ಟಿದ್ದೆಲ್ಲ ಬಡ್ಡಿಗೇ ಹೋಗುತ್ತಿತ್ತು, ಅಸಲು ಕರಗುತ್ತಲೇ ಇರಲಿಲ್ಲ. ದರ ಬದಲಾದಾಗ ಗ್ರಾಹಕರಿಗೆ ತಿಳಿಸಿ, ಕಂತು ಜಾಸ್ತಿ ಮಾಡೋದಾ ಅವಧಿ ಹಿಗ್ಗಿಸೋದಾ ಅಂತ ಕೇಳಬೇಕು ಎಂದು ಆರ್‌ಬಿಐ ಸುತ್ತೋಲೆ ಹೊರಡಿಸಿದ್ದು 2023ರ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಚಿಕ್ಕಪ್ಪ ಕಂತು ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು.

ನನಗೆ ಇವತ್ತಿಗೂ ನುಂಗಿಕೊಳ್ಳಲಾಗದ ವಿಷಯ ಒಂದಿದೆ. ಮೊದಲ ನೋಟಿಸ್ ಬಂದಾಗ ಬಾಕಿ ಇದ್ದ ಕಂತುಗಳು ಎಲ್ಲಾ ಸೇರಿ ಒಂದು ಲಕ್ಷದೊಳಗೆ! ನಾವು ನಾಲ್ಕು ಜನ ಸೇರಿದ್ದರೆ ಒಂದೇ ದಿನದಲ್ಲಿ ಹೊಂದಿಸುತ್ತಿದ್ದೆವು. ಬಾಕಿ ಕಂತು ಪೂರ್ತಿ ಕಟ್ಟಿದರೆ ಖಾತೆ ಮತ್ತೆ ಸರಿದಾರಿಗೆ ಬರುತ್ತದೆ. ಅರ್ಧಂಬರ್ಧ ಕಟ್ಟಿದರೆ ಬರೋದಿಲ್ಲ.

ಅವರು ಯಾರಿಗೂ ಹೇಳಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದರು. "ಮನೆ ಮೇಲೆ ನೋಟಿಸ್ ಇದೆ ಅಂತ ಬೀಗರ ಕಿವಿಗೆ ಬಿದ್ದರೆ ಏನು ಗತಿ ಕಣೋ" ಅಂದರು, ಎಲ್ಲಾ ಮುಗಿದ ಮೇಲೆ. ಟಿಟಿ ಗಾಡಿಯ ಡ್ಯಾಶ್‌ಬೋರ್ಡ್ ತೆಗೆದು ತೋರಿಸಿದರು. ಒಳಗೆ ಏಳು ಕವರ್. ಐದನ್ನು ಒಡೆದೇ ಇರಲಿಲ್ಲ.

ನಾನು ಕೂತು ಒಂದೊಂದೇ ಒಡೆದೆ. ಎಲ್ಲಾ ಇಂಗ್ಲಿಷ್. ಸರ್ಫೇಸಿ ಕಾಯ್ದೆ 2002, ಕಲಂ 13(2) ಅಂತ ಶುರುವಾಗುವ ಮೂರು ಪುಟ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಮಾರಲು ಸಾಲ ಕೊಟ್ಟವರಿಗೆ ಅಧಿಕಾರ ಕೊಡುವ ಕಾನೂನು ಇದು. ಆ ನೋಟಿಸಿನ ಅರ್ಥ ಇಷ್ಟೇ: ಇವತ್ತಿನಿಂದ 60 ದಿನದಲ್ಲಿ ಬಾಕಿ ತೀರಿಸಿ, ಇಲ್ಲದಿದ್ದರೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳುತ್ತೇವೆ. ಆ 60 ದಿನದೊಳಗೆ ನಿಮ್ಮ ತಕರಾರು ಬರೆದು ಕೊಡಬಹುದು. ಒಪ್ಪದಿದ್ದರೆ ಯಾಕೆ ಒಪ್ಪಲ್ಲ ಅಂತ ಅವರು 15 ದಿನದಲ್ಲಿ ಉತ್ತರ ಕೊಡಲೇಬೇಕು. ಚಿಕ್ಕಪ್ಪ ಒಂದು ಸಾಲೂ ಬರೆದಿರಲಿಲ್ಲ. ಏನಿದೆ ಅಂತ ಗೊತ್ತಿದ್ದರೆ ತಾನೇ ಬರೆಯೋದು?

ಆಮೇಲೆ ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದರು. ಸಾಂಕೇತಿಕ ಸ್ವಾಧೀನ ಅಂತಾರೆ. ಬೀಗ ಹಾಕಲಿಲ್ಲ, ಯಾರನ್ನೂ ಹೊರಗೆ ಕಳಿಸಲಿಲ್ಲ. ಚಿಕ್ಕಮ್ಮ ಒಳಗೆ ಅಡುಗೆ ಮಾಡುತ್ತಲೇ ಇದ್ದರು. ಇನ್ನೂ ಏನೂ ಆಗಿಲ್ಲ ಅಂತ ಚಿಕ್ಕಪ್ಪ ಆ ಕಾಗದ ಕಿತ್ತು ಮಡಚಿ ಜೇಬಿಗಿಟ್ಟುಕೊಂಡರು. ಆದರೆ ಇದನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವ 45 ದಿನ ಅವತ್ತಿನಿಂದಲೇ ಓಡಲು ಶುರುವಾಗಿತ್ತು.

ಫೋಟೋ ನೋಡಿದ ದಿನವೇ ನಾವು ದುಡ್ಡು ಹೊಂದಿಸಲು ಓಡಿದೆವು. ವಕೀಲರು ತಲೆ ಅಲ್ಲಾಡಿಸಿದರು. 2016ರ ತಿದ್ದುಪಡಿಯ ನಂತರ, ಪೂರ್ತಿ ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಇರೋದು ಹರಾಜು ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಮಾಡಿ ಹೇಳಿತು. ಆಮೇಲೆ ಸಾಲ ಕೊಟ್ಟವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರು ಒಪ್ಪಲಿಲ್ಲ.

ಸಾಲ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಸಿಟ್ಟು ಇರೋದು ಬೇರೆ ಕಡೆ. ಮನೆಯವರಿಗೆ ಅರ್ಥವಾಗಬೇಕಿದ್ದ ಕಾಗದ ಇಂಗ್ಲಿಷ್‌ನಲ್ಲಿ ಬಂತು. ಊರಿಗೆಲ್ಲ ಗೊತ್ತಾಗುವ ಪ್ರಕಟಣೆ ಕನ್ನಡದಲ್ಲಿ ಬಂತು, ಯಾಕಂದ್ರೆ ಅದನ್ನು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಹಾಕಲೇಬೇಕು ಅಂತ ನಿಯಮ ಇದೆ. ಇಂಥ ಕಂಪನಿಗಳು ಸಾಲಗಾರರಿಗೆ ಬರೆಯುವುದೆಲ್ಲ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ಆರ್‌ಬಿಐನ ಫೇರ್ ಪ್ರಾಕ್ಟೀಸಸ್ ಕೋಡ್ (ನ್ಯಾಯಯುತ ವ್ಯವಹಾರದ ನಿಯಮಾವಳಿ) ಕೂಡ ಹೇಳುತ್ತದೆ. ಹಾಗಿದ್ದರೆ ಆ ಮೊದಲ ನೋಟಿಸ್ ಯಾಕೆ ಕನ್ನಡದಲ್ಲಿ ಬರಲ್ಲ? ಒಂದೇ ಒಂದು ಪುಟ ಸಾಕಿತ್ತು. ಎಷ್ಟು ಬಾಕಿ, ಯಾವ ತಾರೀಖಿನೊಳಗೆ, ಯಾರನ್ನು ಕಾಣಬೇಕು. ಶಾಖೆಗಳ ಮುಂದೆ ಮನೆ ಸಾಲದ ಜಾಹೀರಾತನ್ನು ಎಷ್ಟು ಚೆಂದದ ಕನ್ನಡದಲ್ಲಿ ಬರೆದಿರುತ್ತಾರೆ, ನೋಡಿದ್ದೀರಲ್ವಾ?

ನಮ್ಮದೂ ತಪ್ಪಿದೆ. ಕಷ್ಟ ಹೇಳಿಕೊಂಡು ಬಂದವರನ್ನು ನಾವು ಹೇಗೆ ನೋಡುತ್ತೇವೆ? "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು" ಅಂತೀವಿ. ನಮ್ಮಪ್ಪ ಎಷ್ಟೋ ಸಲ ಹಾಗೆ ಅಂದಿದ್ದನ್ನು ಚಿಕ್ಕಪ್ಪ ಕೇಳಿಸಿಕೊಂಡಿದ್ದರು. ಅದಕ್ಕೇ ಬಾಯಿ ಬಿಡಲಿಲ್ಲ.

ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಅಂಥ ಕವರ್ ಇದ್ದರೆ ಇವತ್ತೇ ಒಡೆಯಿರಿ. ಓದಲಾಗದಿದ್ದರೆ ಓದಬಲ್ಲವರ ಹತ್ತಿರ ಒಯ್ಯಿರಿ. ಮೊದಲು ತಾರೀಖು ನೋಡಿ.

ಚಿಕ್ಕಪ್ಪ ಈಗ ಎರಡು ಬೀದಿ ಆಚೆ ಬಾಡಿಗೆ ಮನೆಯಲ್ಲಿದ್ದಾರೆ. ಕಳೆದ ವಾರ ಪಕ್ಕದ ಮನೆಯ ಆಟೋದವರು ಒಂದು ಕವರ್ ಹಿಡಿದು ಬಂದರಂತೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ತಾವೇ ಒಡೆದರಂತೆ. ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ದಿನ ಎಣಿಸಿ ನನಗೆ ಫೋನ್ ಮಾಡಿದರು.

"ಭಾನುವಾರ ಬರ್ತೀಯೇನೋ? ಇವರಿಗೆ ಇನ್ನೂ 41 ದಿನ ಇದೆ."