ತಕ್ಕಡಿಗೆ ಹೋಗುವ ಮುಂಚೆ

ನ್ಯೂಜೆರ್ಸಿಯಲ್ಲಿ ನನ್ನ ಶನಿವಾರದ ಬೆಳಿಗ್ಗೆ, ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಥ್ರಿಫ್ಟ್ ಸ್ಟೋರಿನ ನೆಲದ ಮೇಲೆ ಕಳೆಯುತ್ತದೆ. ಎಲ್‌ಪಿಗಳು, ಅಂದರೆ ಹಳೇ ಗ್ರಾಮಫೋನ್ ತಟ್ಟೆಗಳು, ಕೆಳಗಿನ ಖಾನೆಯಲ್ಲೇ ಇರುತ್ತವೆ, ಕುಕ್ಕರುಗಾಲಲ್ಲಿ ಕೂತು ಹುಡುಕಬೇಕು. ಹೆಂಡತಿ ಇದನ್ನು "ನಿಮ್ಮ ಗುಜರಿ" ಅನ್ನುತ್ತಾಳೆ. ಗುಜರಿ ಅಲ್ಲ ಅಂತ ನನ್ನ ವಾದ.

ಊರಿನ ಗುಜರಿಯವನು ತಕ್ಕಡಿ ತರುತ್ತಾನೆ. ಅವನಿಗೆ ಕ್ಯಾಸೆಟ್ ಅಂದರೆ ಪ್ಲಾಸ್ಟಿಕ್. ಒಳಗೆ ಮೈಸೂರು ಅನಂತಸ್ವಾಮಿ ಹಾಡಿದ್ದರೂ ತೂಕ ಅಷ್ಟೇ. ನಮ್ಮ ಮನೆಯ ಎರಡು ಚೀಲ ಕ್ಯಾಸೆಟ್ ಹಾಗೇ ಹೋದವು. ಬಂದ ದುಡ್ಡಿಗೆ ಹಾಲು, ಮೊಸರು ಬಂತು ಅಂತ ಅಮ್ಮ ಹೇಳಿದರು. ಇಲ್ಲಿ ಕೊಡುವವರಿಗೆ ದುಡ್ಡಿಲ್ಲ. ಡಬ್ಬ ಇಳಿಸಿ, ಬೇಕಿದ್ದರೆ ತೆರಿಗೆ ಲೆಕ್ಕಕ್ಕೆ ರಸೀದಿ ಇಸ್ಕೊಂಡು ಹೋಗುತ್ತಾರೆ. ಆದರೆ ಕೊಟ್ಟದ್ದು ಇಡಿಯಾಗಿ ಉಳಿಯುತ್ತದೆ.

ನಿಧಿಯೇನೂ ಸಿಗುವುದಿಲ್ಲ ಬಿಡಿ. ಬಹುಪಾಲು ಕ್ರಿಸ್‌ಮಸ್ ಹಾಡು, ಚರ್ಚಿನ ಸಮೂಹಗಾನ. 1965ರಲ್ಲಿ ಬಂದು ಲಕ್ಷಗಟ್ಟಲೆ ಮಾರಾಟವಾದ, ಟ್ರಂಪೆಟ್ ವಾದಕ ಹರ್ಬ್ ಆಲ್ಪರ್ಟ್‌ನ ಎಲ್‌ಪಿ ಹೋದಲ್ಲೆಲ್ಲ ಎದುರಾಗುತ್ತದೆ. ಕವರ್ ನಂಬಬಾರದು, ಒಳಗೆ ಇನ್ಯಾವುದೋ ತಟ್ಟೆ ಇರಬಹುದು. ಬೆಳಕಿಗೆ ಓರೆಯಾಗಿ ಹಿಡಿದರೆ ಗೀರು ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದರೆ ಬಾಗಿದೆಯೋ ಇಲ್ವೋ ಗೊತ್ತಾಗುತ್ತದೆ. ಧೂಳಿಗೆ ಹೆದರಬೇಡಿ, ತೊಳೆದರೆ ಹೋಗುತ್ತದೆ.

ಒಮ್ಮೆ ಎರಡು ಡಾಲರಿಗೆ ರವಿಶಂಕರ್ ಸಿಕ್ಕರು. 1967ರಲ್ಲಿ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಸಂಗೀತೋತ್ಸವದಲ್ಲಿ ನುಡಿಸಿದರಲ್ಲ, ಆಗ ಸಿತಾರಿಗೆ ಮರುಳಾದ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುತ್ತಿದ್ದಾರೆ. ಅವರ ಅಟ್ಟ ಇಲ್ಲಿಗೆ ಇಳಿಯುತ್ತಿದೆ.

ಒಂದೇ ಕೊರತೆ, ಮಾತಿಲ್ಲ. ಬೆಂಗಳೂರಿನ ಸಂಡೇ ಬಜಾರಿನವನು ನನ್ನ ಮುಖ ನೋಡಿ ರೇಟು ಹೇಳುತ್ತಾನೆ. ಕಣ್ಣರಳಿತೋ, ನೂರು ಜಾಸ್ತಿ. ಬೈಕೊಂಡೇ ಕೊಳ್ಳುತ್ತೇನೆ. ಆದರೆ ತಾನು ಏನು ಮಾರುತ್ತಿದ್ದೇನೆ ಅಂತ ಅವನಿಗೆ ಗೊತ್ತು. ಇಲ್ಲಿ ಗಾಯಕ ಯಾರಾದರೂ ಒಂದೇ ರೇಟಿನ ಸ್ಟಿಕರ್.

ಹೋದ ತಿಂಗಳು ಹೆಂಡತಿಯನ್ನು ಗುಡ್‌ವಿಲ್ ಅನ್ನುವ ಥ್ರಿಫ್ಟ್ ಸ್ಟೋರ್ ಸರಣಿಯ ಔಟ್‌ಲೆಟ್ಟಿಗೆ ಕರೆದುಕೊಂಡು ಹೋದೆ. ಅಂಗಡಿಗಳಲ್ಲಿ ಖರ್ಚಾಗದ ಸಾಮಾನು ಅಲ್ಲಿಗೆ ಬರುತ್ತದೆ. ತೊಟ್ಟಿಗಳಲ್ಲಿ ಸುರಿದು, ಹೆಚ್ಚಿನದನ್ನು ತೂಕ ಹಾಕಿ ಪೌಂಡಿನ ಲೆಕ್ಕದಲ್ಲಿ ಮಾರುತ್ತಾರೆ. ತಕ್ಕಡಿ ನೋಡಿ ಅವಳು ಏನೂ ಹೇಳಲಿಲ್ಲ. ಸುಮ್ನೆ ನನ್ನ ಕಡೆ ನೋಡಿ ನಕ್ಕಳು.

ಸರಿ, ಗೆದ್ದೆ ಮಾರಾಯ್ತಿ ಅಂದೆ. ಆದರೂ ತಕ್ಕಡಿಗೆ ಬರುವ ಮುಂಚೆ ಅವು ಕೆಲವು ವಾರ ಶೆಲ್ಫಿನಲ್ಲಿ ಕೂತು ಯಾರಿಗೋ ಕಾದಿದ್ದವು. ನಮ್ಮ ಎರಡು ಚೀಲಕ್ಕೆ ಒಂದು ದಿನವೂ ಸಿಗಲಿಲ್ಲ.